ಕೀಲುನೋವು ಮತ್ತು ಮನಸ್ಸು: ನೋವಿನ ಕೆಂಡ ಊದುವುದನ್ನು ನಿಲ್ಲಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಅಮ್ಮನ ಮಂಡಿನೋವಿಗೆಂದು ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಎಕ್ಸ್‌ರೇ ನೋಡಿದರು. "ಇಷ್ಟು ಸವೆತಕ್ಕೆ ಇಷ್ಟೊಂದು ನೋವು ಬರಬಾರದಮ್ಮ. ಜಾಸ್ತಿ ಯೋಚನೆ ಮಾಡ್ಬೇಡಿ, ಎಲ್ಲಾ ಮನಸ್ಸಿನದು" ಅಂದರು. ಆಟೋದಲ್ಲಿ ಅಮ್ಮ ಮಾತೇ ಆಡಲಿಲ್ಲ. ಮನೆಗೆ ಬಂದ ಮೇಲೆ "ನಾನೇನು ನಾಟಕ ಆಡ್ತಿದೀನಾ?" ಅಂತ ಅತ್ತಳು. ಆ ರಾತ್ರಿ ನೋವು ಇನ್ನೂ ಜಾಸ್ತಿಯಾಯಿತು.

ಆ ಡಾಕ್ಟರ ಮಾತಿನಲ್ಲಿ ಅರ್ಧ ನಿಜವಿತ್ತು. ಅದನ್ನು ಹೇಳಿದ ರೀತಿ ಮಾತ್ರ ಅಮ್ಮನನ್ನು ಸುಳ್ಳುಗಾತಿ ಮಾಡಿಬಿಟ್ಟಿತು. ಹಾಗಾಗಿ ಆ ಅರ್ಧ ನಿಜವನ್ನು ಸರಿಯಾಗಿ, ಸಾವಕಾಶವಾಗಿ ಹೇಳಬೇಕು ಅಂತ ಈ ಬರಹ.

ಅಜ್ಜಿಯ ಕಾಲದ ಸೌದೆ ಒಲೆ ನೆನಪಿದೆಯಲ್ವಾ? ಒಲೆಯಲ್ಲಿ ಕೆಂಡ ಇರುತ್ತದೆ. ಊದುಗೊಳವೆ ಹಿಡಿದು ಊದಿದರೆ ಭಗ್ಗೆಂದು ಉರಿಯುತ್ತದೆ. ಊದದೆ ಬಿಟ್ಟರೆ ಮೇಲೆ ಬೂದಿ ಕಟ್ಟಿಕೊಂಡು ಮೆತ್ತಗಿರುತ್ತದೆ. ಆರ್ಥ್ರೈಟಿಸ್‌ನಲ್ಲಿ, ಅಂದರೆ ಕೀಲುನೋವಿನ ಕಾಯಿಲೆಗಳಲ್ಲಿ, ಕೆಂಡ ಕೀಲಿನಲ್ಲೇ ಇದೆ, ಅದರಲ್ಲಿ ಅನುಮಾನ ಬೇಡ. ಭಯ, ನಿದ್ದೆಗೇಡು, ಕುಗ್ಗಿದ ಮನಸ್ಸು, ಒಂಟಿತನ, ಮನೆಯವರ ಮಾತು, ಇವು ಊದುಗೊಳವೆಗಳು. ಅವನ್ನು ಒಂದೊಂದಾಗಿ ಕೆಳಗಿಡುವುದು ಹೇಗೆ ಅಂತ ನೋಡೋಣ.

ಶುರು ಮಾಡುವ ಮೊದಲು: ಯಾವ ಆರ್ಥ್ರೈಟಿಸ್ ಅಂತ ತಿಳಿದುಕೊಳ್ಳಿ

ವಯಸ್ಸಾದವರ ಮಂಡಿನೋವು ಹೆಚ್ಚಾಗಿ ಆಸ್ಟಿಯೋಆರ್ಥ್ರೈಟಿಸ್. ನಾವು ಸವೆತ ಅನ್ನುವುದು ಇದನ್ನೇ. ಆದರೆ ಬೆಳಗ್ಗೆ ಬೆರಳ ಗೆಣ್ಣುಗಳು ಊದಿಕೊಂಡು, ಮುಷ್ಟಿ ಕಟ್ಟಲಾಗದೆ, ಆ ಬಿಗಿತ ಒಂದು ಗಂಟೆಯಾದರೂ ಬಿಡದಿದ್ದರೆ ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿ ಬೀಳುತ್ತದೆ. ಇದಕ್ಕೆ ಮೆಥೊಟ್ರೆಕ್ಸೇಟ್‌ನಂಥ ಔಷಧ ಬೇಕೇ ಬೇಕು. ತಡ ಮಾಡಿದರೆ ಕೀಲು ಹಾಳಾಗುತ್ತದೆ. ಧ್ಯಾನ, ಪ್ರಾಣಾಯಾಮ ಅದನ್ನು ತಡೆಯುವುದಿಲ್ಲ. ಕೆಳಗಿನ ಹೆಜ್ಜೆಗಳು ಔಷಧದ ಜೊತೆಗೆ ಮಾಡುವಂಥವು, ಔಷಧ ಬಿಟ್ಟು ಮಾಡುವಂಥವಲ್ಲ.

ಒಂದು ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ, ಅಥವಾ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಹೆಜ್ಜೆ 1: ನೋವು ಹುಟ್ಟುವ ಬಗೆ ಅರ್ಥ ಮಾಡಿಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಇದು ಅರ್ಥವಾದರೆ ಮುಂದಿನದೆಲ್ಲ ಸಲೀಸು.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಾರ ಮುಂದಿಟ್ಟರು. ಕೀಲಿನಿಂದ ಹೊರಟ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ. ಆ ಬಾಗಿಲನ್ನು ಎಷ್ಟು ತೆರೆಯಬೇಕು ಅನ್ನುವುದರಲ್ಲಿ ಮಿದುಳಿಗೂ ಪಾಲಿದೆ. ಹೆದರಿದಾಗ ಬಾಗಿಲು ಅಗಲವಾಗಿ ತೆರೆಯುತ್ತದೆ. ನೆಮ್ಮದಿಯಲ್ಲಿದ್ದಾಗ, ಬೇರೆ ಕೆಲಸದಲ್ಲಿ ಮುಳುಗಿದ್ದಾಗ ಮುಚ್ಚಿಕೊಳ್ಳುತ್ತದೆ. ಆ ವಿಚಾರದ ಕೆಲವು ವಿವರ ಆಮೇಲೆ ಬದಲಾದವು, ತಿರುಳು ಉಳಿಯಿತು. ಮೊಮ್ಮಗುವನ್ನು ಆಡಿಸುವಾಗ ಅರ್ಧ ಗಂಟೆ ಮಂಡಿ ನೆನಪೇ ಆಗುವುದಿಲ್ಲ, ಮಗು ಹೋದ ಮೇಲೆ ನೋವು ಮರಳುತ್ತದೆ. ಅದು ನಾಟಕವಲ್ಲ. ಬಾಗಿಲು ಮುಚ್ಚಿತ್ತು, ಮತ್ತೆ ತೆರೆಯಿತು, ಅಷ್ಟೆ.

ಎಕ್ಸ್‌ರೇಗೂ ನೋವಿಗೂ ಲೆಕ್ಕ ಕೂಡದಿರುವುದು ಇದಕ್ಕೇ. ತುಂಬಾ ಸವೆದ ಮಂಡಿ ಇಟ್ಟುಕೊಂಡು ಆರಾಮಾಗಿ ಓಡಾಡುವವರಿದ್ದಾರೆ. ಸ್ವಲ್ಪ ಸವೆತಕ್ಕೇ ರಾತ್ರಿಯೆಲ್ಲ ನರಳುವವರೂ ಇದ್ದಾರೆ.

ಇನ್ನೊಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಎಂಬ ಸರ್ಜನ್ ಮತ್ತು ಅವರ ಜೊತೆಯವರು ಮಂಡಿ ಸವೆತದ 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದುರ್ಬೀನು ಹಾಕಿ ಮಂಡಿಯ ಒಳಗೆ ಕೆರೆದು ಶುಚಿ ಮಾಡಿದರು. ಎರಡನೆಯದಕ್ಕೆ ಒಳಗೆ ತೊಳೆದರು. ಮೂರನೆಯದಕ್ಕೆ ಚರ್ಮಕ್ಕೆ ಗೀರು ಹಾಕಿ ಹೊಲಿದರು, ಬೇರೇನೂ ಮಾಡಲಿಲ್ಲ. ಇಂಥ ಪ್ರಯೋಗಕ್ಕೆ ಅವರೆಲ್ಲ ಒಪ್ಪಿದ್ದರು, ಯಾರಿಗೆ ಯಾವುದು ಅಂತ ಮಾತ್ರ ತಿಳಿಸಿರಲಿಲ್ಲ. ಎರಡು ವರ್ಷ ನೋಡಿದರೂ ಮೂರು ಗುಂಪಿನ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು 2002ರಲ್ಲಿ ಪ್ರಕಟವಾಯಿತು. ನೋವಿನ ಲೆಕ್ಕವೆಲ್ಲ ಮೂಳೆಯೊಳಗೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಹೆಜ್ಜೆ 2: ಎರಡು ವಾರ ಬರೆದಿಡಿ

ಒಂದು ಹಳೆಯ ನೋಟ್‌ಬುಕ್ ಸಾಕು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ದಿನಕ್ಕೆ ಮೂರು ಸಲ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ ಕೊಡಿ. ಹಿಂದಿನ ರಾತ್ರಿ ಎಷ್ಟು ನಿದ್ದೆ ಬಂತು, ಏನು ಕೆಲಸ ಮಾಡಿದಿರಿ, ಯಾರ ಜೊತೆ ಮಾತಾಡಿದಿರಿ, ಮನಸ್ಸಿನಲ್ಲಿ ಏನು ಓಡುತ್ತಿತ್ತು ಅಂತ ಒಂದೊಂದು ಸಾಲು ಬರೆಯಿರಿ. ಬರೆಯಲು ಕೈ ನೋಯುವವರು ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಬಹುದು.

ಅಮ್ಮನ ಪುಸ್ತಕದ ಒಂದು ದಿನ ಹೀಗಿತ್ತು:

"ಮಂಗಳವಾರ. ನಿದ್ದೆ 4 ಗಂಟೆ. ಬೆಳಗ್ಗೆ ನೋವು 7. ಚಿಕ್ಕವಳು ಫೋನ್ ಮಾಡಿದ್ದಳು, ನಕ್ಕಿದ್ದೇ ನಕ್ಕಿದ್ದು. ಮಧ್ಯಾಹ್ನ 4. ಸಂಜೆ ಎದುರು ಮನೆಯವರು ಬಂದು ಅವರತ್ತೆ ಆಪರೇಶನ್ ಆದ್ಮೇಲೂ ನಡೀಲೇ ಇಲ್ಲ ಅಂದರು. ರಾತ್ರಿ 8."

ಆ ದಿನ ಮಂಡಿ ಅದೇ ಮಂಡಿ. ಅಂಕಿ ಮಾತ್ರ 4ಕ್ಕೆ ಇಳಿದು 8ಕ್ಕೆ ಏರಿದೆ. ಎರಡು ವಾರದ ನಂತರ ನಿಮ್ಮ ಪುಸ್ತಕ ಹೀಗೆ ಓದಿ. ಅಂಕಿ ಏರಿದ ಕಡೆಯೆಲ್ಲ ಸುತ್ತು ಹಾಕಿ. ಅದರ ಹಿಂದಿನ ಸಾಲಿನಲ್ಲಿ ಏನಿದೆ ನೋಡಿ. ಕೆಟ್ಟ ನಿದ್ದೆಯೋ, ಹೆದರಿಕೆಯೋ, ಜಗಳವೋ, ಒಂದೇ ದಿನ ಮನೆಯೆಲ್ಲ ಗುಡಿಸಿ ಸಾರಿಸಿದ್ದೋ ಗೊತ್ತಾಗುತ್ತದೆ. ಜಾಸ್ತಿ ಸಲ ಬರುವುದು ಯಾವುದೋ ಆ ಹೆಜ್ಜೆಯಿಂದ ಶುರು ಮಾಡಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ.

ಎರಡು ವಾರ ಮುಗಿದ ಮೇಲೆ ದಿನಾ ಅಂಕಿ ಬರೆಯುವುದನ್ನು ನಿಲ್ಲಿಸಿ. ಸದಾ ನೋವನ್ನೇ ಅಳೆಯುತ್ತಾ ಕೂತರೆ ಅದೂ ಒಂದು ಊದುಗೊಳವೆಯಾಗುತ್ತದೆ.

ಹೆಜ್ಜೆ 3: ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

"ಮಂಡಿಯಲ್ಲಿ ಗ್ರೀಸ್ ಖಾಲಿಯಾಗಿದೆ", "ಮೂಳೆಗೆ ಮೂಳೆ ಉಜ್ಜುತ್ತಿದೆ", "ಇನ್ನು ಓಡಾಡಿದಷ್ಟೂ ಸವೆಯುತ್ತೆ". ನಮ್ಮಲ್ಲಿ ಈ ಮಾತು ಕೇಳದ ಮಂಡಿನೋವಿನವರು ಕಮ್ಮಿ. ಇವನ್ನು ಕೇಳಿದವರು ಸಹಜವಾಗಿ ಕೂತುಬಿಡುತ್ತಾರೆ. ಕೂತರೆ ತೊಡೆಯ ಸ್ನಾಯು ಸೊರಗುತ್ತದೆ. ಮಂಡಿಯ ಭಾರ ಹೊರುವುದು ಆ ಸ್ನಾಯುವೇ. ಅದು ಸೊರಗಿದರೆ ನಾಲ್ಕು ಹೆಜ್ಜೆಗೇ ನೋವು. "ನೋಡಿದ್ರಾ, ನಡೆದಿದ್ದಕ್ಕೇ ಹೀಗಾಯ್ತು" ಅಂತ ಇನ್ನೂ ಕೂರುತ್ತಾರೆ. ಹೀಗೆ ಸುತ್ತು ಬಿಗಿಯಾಗುತ್ತಾ ಹೋಗುತ್ತದೆ.

ನಿಜ ಏನೆಂದರೆ, ಮೂಳೆಯ ತುದಿಗೆ ಹೊದಿಸಿದಂತಿರುವ ಕಾರ್ಟಿಲೇಜಿಗೆ ತನ್ನದೇ ರಕ್ತನಾಳ ಇಲ್ಲ. ಕೀಲಿನ ದ್ರವದಿಂದಲೇ ಅದಕ್ಕೆ ಹೆಚ್ಚಿನ ಪೋಷಣೆ ಸಿಗಬೇಕು. ಕಾಲೂರಿದಾಗ ಸ್ಪಂಜಿನಂತೆ ಒತ್ತಿಕೊಂಡು, ಎತ್ತಿದಾಗ ಹೀರಿಕೊಳ್ಳುತ್ತದೆ. ಅಂದರೆ ಓಡಾಟವೇ ಅದರ ಊಟ. ಇನ್ನು ಗ್ರೀಸ್ ಖಾಲಿ ಅನ್ನುವ ಮಾತು. ಊದಿಕೊಂಡ ಮಂಡಿಯಲ್ಲಿ ದ್ರವ ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಈ ಎರಡು ವಿಷಯ ಅಮ್ಮನಿಗೆ ಹೇಳಿದಾಗ ಅವಳ ಮುಖದಲ್ಲಿ ಆದ ಬದಲಾವಣೆ ನಾನು ಮರೆತಿಲ್ಲ.

ಈಗ ಮಾಡುವುದು ಹೀಗೆ. ನೋವಿನ ಭಯದಿಂದ ಬಿಟ್ಟುಬಿಟ್ಟ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ. ಕಮ್ಮಿ ಭಯದ್ದು ಕೆಳಗೆ, ಜಾಸ್ತಿ ಭಯದ್ದು ಮೇಲೆ. ಅಮ್ಮನ ಪಟ್ಟಿ ಕೆಳಗಿನಿಂದ ಮೇಲಕ್ಕೆ:

- ಕುರ್ಚಿಯಿಂದ ಕೈಯೂರದೆ ಐದು ಸಲ ಏಳುವುದು
- ಗೇಟಿನ ತನಕ ಹೋಗಿ ಹಾಲು ತರುವುದು
- ಬೀದಿ ಕೊನೆಯ ಅಂಗಡಿ ತನಕ ನಡೆಯುವುದು
- ಮಹಡಿ ಮೆಟ್ಟಿಲು ಹತ್ತಿ ಬಟ್ಟೆ ಒಣಹಾಕುವುದು
- ಸಿಟಿ ಬಸ್ಸಿನ ಮೆಟ್ಟಿಲು ಹತ್ತುವುದು
- ತಂಗಿಯ ಮನೆಯ ಗೃಹಪ್ರವೇಶಕ್ಕೆ ಒಬ್ಬಳೇ ಹೋಗಿಬರುವುದು

ಕೆಳಗಿನದರಿಂದ ಶುರು. ಒಂದು ಕೆಲಸ ಮೂರು ನಾಲ್ಕು ದಿನ ಹೆದರಿಕೆಯಿಲ್ಲದೆ ಆದ ಮೇಲೆ ಮುಂದಿನದು. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದನ್ನು ಅಮ್ಮ ಪಟ್ಟಿಗೆ ಸೇರಿಸಲಿಲ್ಲ. ಪೂಜೆಗೆ ಎತ್ತರದ ಸ್ಟೂಲು ಹಾಕಿಕೊಂಡಳು. ಎಲ್ಲವನ್ನೂ ಗೆಲ್ಲಲೇಬೇಕು ಅಂತಿಲ್ಲ, ನಿಮಗೆ ಬೇಕಾದ್ದನ್ನು ಮಾತ್ರ ಪಟ್ಟಿಗೆ ಹಾಕಿ.

ಎಷ್ಟು ನೋವು ಬಂದರೆ ಪರವಾಗಿಲ್ಲ? ಫಿಸಿಯೋಥೆರಪಿಯಲ್ಲಿ ಬಳಸುವ ಲೆಕ್ಕ ಸುಲಭವಾಗಿದೆ. ಕೆಲಸ ಮಾಡುವಾಗ ನೋವು 10ಕ್ಕೆ 5ರೊಳಗಿರಲಿ. ಮರುದಿನ ಬೆಳಗ್ಗೆ ಮಾಮೂಲಿ ಮಟ್ಟಕ್ಕೆ ಇಳಿದಿರಲಿ. ಇಳಿಯದಿದ್ದರೆ ಮುಂದಿನ ಸಲ ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಇದರ ಜೊತೆ ಇನ್ನೊಂದು ಅಭ್ಯಾಸ ಬೇಕು. ನೋವು ಕಮ್ಮಿ ಇದ್ದ ದಿನ ಹಬ್ಬದ ಕೆಲಸವನ್ನೆಲ್ಲ ಒಟ್ಟಿಗೆ ಮಾಡಿ, ಆಮೇಲೆ ಮೂರು ದಿನ ಮಲಗುವವರು ನಮ್ಮ ಮನೆಗಳಲ್ಲಿ ಜಾಸ್ತಿ. ಕೆಲಸವನ್ನು ನೋವು ನೋಡಿ ನಿಲ್ಲಿಸಬೇಡಿ, ಗಡಿಯಾರ ನೋಡಿ ನಿಲ್ಲಿಸಿ. ಇಪ್ಪತ್ತು ನಿಮಿಷಕ್ಕೆ ನೋವು ಏರುತ್ತದೆ ಅಂದರೆ ಹದಿನೈದಕ್ಕೇ ಕೂತುಕೊಳ್ಳಿ. ಐದು ನಿಮಿಷ ಬಿಟ್ಟು ಮತ್ತೆ ಏಳಿ. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಸಾಧ್ಯವಾದಷ್ಟು ಅಷ್ಟೇ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲೋರಿಗ್ ಎಂಬವರು ಆರ್ಥ್ರೈಟಿಸ್ ಇರುವವರಿಗಾಗಿ ಆರು ವಾರದ ತರಗತಿ ನಡೆಸಿದರು. ಪಾಠ ಹೇಳುವವರಲ್ಲಿ ಬಹಳ ಜನ ಅದೇ ನೋವಿನವರು. ವ್ಯಾಯಾಮ ಹೆಚ್ಚು ಮಾಡಿದವರಿಗೆ ಹೆಚ್ಚು ಗುಣ ಕಾಣಬೇಕು ಅಲ್ವಾ? ಆದರೆ ಲೆಕ್ಕ ಹಾಕಿದಾಗ ಹಾಗೆ ಕಾಣಲಿಲ್ಲ. "ಇದು ನನ್ನ ಕೈಲಾಗುತ್ತದೆ" ಅನ್ನುವ ನಂಬಿಕೆ ಬೆಳೆದವರ ನೋವು ಇಳಿದಿತ್ತು. ನಾಲ್ಕು ವರ್ಷದ ನಂತರವೂ ತರಗತಿಗೆ ಬಂದವರ ನೋವು ಸರಾಸರಿ ಶೇ. 20ರಷ್ಟು ಕಮ್ಮಿ ಇತ್ತು. ಪಟ್ಟಿಯನ್ನು ಅಷ್ಟು ಸುಲಭದ ಕೆಲಸದಿಂದ ಶುರು ಮಾಡಿ ಅಂದಿದ್ದು ಇದಕ್ಕೇ. ಮೊದಲ ವಾರ ಬೇಕಿರುವುದು ಗೆಲುವು. ಬೆವರು ಆಮೇಲೆ.

ಹೆಜ್ಜೆ 4: "ಇನ್ನು ಮುಗೀತು" ಅನ್ನುವ ಯೋಚನೆಯನ್ನು ಹಿಡಿಯಿರಿ

ನೋವು ಬಂದಾಗ ಮನಸ್ಸು ಮೂರು ದಾರಿ ಹಿಡಿಯುತ್ತದೆ. ಅದನ್ನೇ ಮೆಲುಕು ಹಾಕುವುದು. ಅದನ್ನು ದೊಡ್ಡದು ಮಾಡಿ ನೋಡುವುದು. ನನ್ನಿಂದ ಏನೂ ಆಗಲ್ಲ ಅಂತ ಕೈಚೆಲ್ಲುವುದು. ಮನಶ್ಶಾಸ್ತ್ರಜ್ಞ ಮೈಕಲ್ ಸಲ್ಲಿವನ್ ಮತ್ತು ಜೊತೆಯವರು 1995ರಲ್ಲಿ ಇದನ್ನು ಅಳೆಯಲು 13 ವಾಕ್ಯಗಳ ಒಂದು ಪಟ್ಟಿ ಮಾಡಿದರು. ಈ ಯೋಚನೆ ಜಾಸ್ತಿ ಇರುವವರಿಗೆ ಅಷ್ಟೇ ಸವೆತಕ್ಕೆ ನೋವು ಜಾಸ್ತಿ. ಮಂಡಿ ಬದಲಿಸಿದ ಮೇಲೂ ಸುಮಾರು ಐದರಲ್ಲಿ ಒಬ್ಬರಿಗೆ ನೋವು ಉಳಿಯುತ್ತದೆ. ಅವರಲ್ಲಿ ಆಪರೇಶನ್‌ಗೆ ಮೊದಲೇ ಆತಂಕ, ಇಂಥ ಯೋಚನೆ ಹೆಚ್ಚಿದ್ದವರು ಜಾಸ್ತಿ. ಅಂದರೆ ಆಪರೇಶನ್ ಬೇಡ ಅಂತಲ್ಲ. ಅದಕ್ಕೆ ಕಾಯುವ ತಿಂಗಳುಗಳಲ್ಲಿ ಈ ಹೆಜ್ಜೆ ಮಾಡಿಕೊಳ್ಳಿ.

"ಒಳ್ಳೇದನ್ನೇ ಯೋಚಿಸಿ" ಅನ್ನುವ ಸಲಹೆ ನಾನು ಕೊಡುವುದಿಲ್ಲ. ನೋವಿನಲ್ಲಿರುವವರಿಗೆ ಅದು ಉಪದೇಶವಾಗಿ ಕೇಳಿಸುತ್ತದೆ. ಅದರ ಬದಲು ಯೋಚನೆಯನ್ನು ಹಾಳೆಯ ಮೇಲೆ ಇಳಿಸಿ. ಮನಸ್ಸು ಹೇಳಿದ್ದು ಒಂದು ಕಡೆ. ನನಗೆ ಗೊತ್ತಿರುವ ನಿಜ ಇನ್ನೊಂದು ಕಡೆ.

ಮನಸ್ಸು: "ನಾನಿನ್ನು ಹಾಸಿಗೆ ಹಿಡಿದೆ, ಮಕ್ಕಳಿಗೆ ಭಾರವಾದೆ."
ನಿಜ: "ಹೋದ ತಿಂಗಳೂ ಹೀಗೇ ನೋವು ಏರಿತ್ತು. ನಾಲ್ಕು ದಿನಕ್ಕೆ ಇಳಿಯಿತು. ನಿನ್ನೆ ಸಾರು ನಾನೇ ಮಾಡಿದೆ."

ಎರಡನೆಯ ವಾಕ್ಯ ಸಿಹಿಯಾಗಿರಬೇಕಿಲ್ಲ. ನಿಜವಾಗಿದ್ದರೆ ಸಾಕು. ವಾರಕ್ಕೆ ಮೂರು ನಾಲ್ಕು ಸಲ ಬರೆದರೆ, ಬರಬರುತ್ತಾ ಹಾಳೆ ಇಲ್ಲದೆಯೂ ಎರಡನೆಯ ವಾಕ್ಯ ತಾನಾಗಿ ಬರತೊಡಗುತ್ತದೆ. ಮನಸ್ಸು ಅದಕ್ಕೂ ಬಗ್ಗದಿದ್ದರೆ ಹತ್ತು ನಿಮಿಷ ಶವಾಸನ. ಕಾಲ್ಬೆರಳಿನಿಂದ ಶುರು ಮಾಡಿ ಒಂದೊಂದು ಭಾಗವನ್ನು ಬಿಗಿ ಮಾಡಿ ಸಡಿಲ ಬಿಡಿ. ನೋಯುವ ಕೀಲನ್ನು ಬಿಗಿ ಮಾಡಬೇಡಿ, ಸುಮ್ನೆ ಸಡಿಲ ಬಿಡಿ.

ಹೆಜ್ಜೆ 5: ನಿದ್ದೆ

ನೋವಿನಿಂದ ನಿದ್ದೆ ಕೆಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟ ಮರುದಿನ ನೋವು ತಡೆಯುವ ಶಕ್ತಿಯೇ ಕಮ್ಮಿಯಾಗುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ದಿನಾ ಒಂದೇ ಹೊತ್ತಿಗೆ ಏಳಿ, ರಾತ್ರಿ ಎಷ್ಟೇ ಕೆಟ್ಟಿರಲಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದ ಮೇಲೆ ಮಲಗಿ. ಏಳುವಾಗ ದೀಪ ಹಾಕಿಕೊಳ್ಳಿ, ಕತ್ತಲಲ್ಲಿ ಬೀಳುವುದು ಬೇಡ. ಪಕ್ಕಕ್ಕೆ ಮಲಗುವವರು ಎರಡು ಮಂಡಿಯ ನಡುವೆ ತೆಳ್ಳಗಿನ ದಿಂಬು ಇಟ್ಟುಕೊಳ್ಳಿ.

ಹೆಜ್ಜೆ 6: ಇದು ಬರೀ ಬೇಸರವೋ, ಖಿನ್ನತೆಯೋ?

ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಕಾಯಿಲೆಯ ಉರಿಯೂತವೇ ಮನಸ್ಸನ್ನು ಕುಗ್ಗಿಸಬಲ್ಲದು. ಹಾಗಾಗಿ ಇದನ್ನು ದುರ್ಬಲ ಮನಸ್ಸು ಅಂತ ಯಾರೂ ತೀರ್ಮಾನಿಸಬಾರದು.

ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ. ಒಂದೊಂದು ಪ್ರಶ್ನೆಗೆ 0ಯಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಮೇಲೆ ಬಂದರೆ ಡಾಕ್ಟರಿಗೆ ತೋರಿಸಬೇಕು. ಸುಸ್ತು, ನಿದ್ದೆಯ ಪ್ರಶ್ನೆಗಳಿಗೆ ಆರ್ಥ್ರೈಟಿಸ್‌ನಿಂದಲೂ ಅಂಕ ಬರಬಹುದು, ಆದ್ದರಿಂದ ಅಂಕಿ ನೋಡಿ ನೀವೇ ಹೆಸರಿಡಬೇಡಿ. ಆದರೆ ಇಷ್ಟದ ಧಾರಾವಾಹಿಯೂ ಬೇಡ, ಮೊಮ್ಮಕ್ಕಳೂ ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ. ಬದುಕೇ ಬೇಡ ಅನ್ನಿಸಿದರೆ ಅಂದೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವು ಕೊಡುವ ಸರ್ಕಾರದ ಟೆಲಿ ಮಾನಸ್ ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವೂ ಇರುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ.

ಮಾತ್ರೆಯ ಬಗ್ಗೆ ಒಂದು ಮಾತು. ಮಂಡಿನೋವಿಗೆ ಡಾಕ್ಟರ್ ಡುಲೊಕ್ಸೆಟಿನ್ ಬರೆದಾಗ ಮಕ್ಕಳು ಮೊಬೈಲಿನಲ್ಲಿ ಹುಡುಕಿ "ಇದು ಖಿನ್ನತೆ ಮಾತ್ರೆ, ಅಮ್ಮಂಗೆ ಹುಚ್ಚು ಹಿಡಿದಿದೆ ಅಂದ್ಕೊಂಡಿದಾರೆ" ಅಂತ ನಿಲ್ಲಿಸಿಬಿಡುತ್ತಾರೆ. ಆ ಮಾತ್ರೆ ಬೆನ್ನುಹುರಿಯ ಬಾಗಿಲನ್ನು ಮುಚ್ಚುವ ಕೆಲಸಕ್ಕೂ ನೆರವಾಗುತ್ತದೆ. ಮೂಳೆ, ಸ್ನಾಯುಗಳ ಹಳೆಯ ನೋವಿಗೆ ಇದನ್ನು ಕೊಡಬಹುದು ಅಂತ 2010ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತೊಂದರೆಯಾಗುತ್ತದೆ. ಅನುಮಾನ ಇದ್ದರೆ ಕೊಟ್ಟ ಡಾಕ್ಟರನ್ನೇ ಕೇಳಿ.

ಹೆಜ್ಜೆ 7: ಮನೆಯವರು ಏನು ಮಾಡಬೇಕು

ಎರಡು ತಪ್ಪು ನಡೆಯುತ್ತವೆ. ಒಂದು, ನಂಬದಿರುವುದು. "ನಿನ್ನೆ ಮದುವೆಗೆ ಹೋಗೋಕೆ ಆಯ್ತು, ಇವತ್ತು ಕಾಫಿ ಮಾಡೋಕೆ ಆಗಲ್ವಾ?" ಅನ್ನುವುದು. ಆರ್ಥ್ರೈಟಿಸ್ ದಿನದಿಂದ ದಿನಕ್ಕೆ ಬದಲಾಗುವ ಕಾಯಿಲೆ. ನಿನ್ನೆ ಆಗಿದ್ದು ಇವತ್ತು ಆಗದಿರುವುದು ಅದರ ಗುಣವೇ.

ಎರಡನೆಯದು ಪ್ರೀತಿಯಿಂದ ಆಗುವ ತಪ್ಪು, ನಾನೂ ಮಾಡಿದ್ದೆ. "ನೀನು ಏಳಬೇಡಮ್ಮ, ನಾನಿದೀನಿ" ಅಂತ ಲೋಟ ನೀರನ್ನೂ ಕೈಗೇ ತಂದುಕೊಡುವುದು. ಎಲ್ಲವನ್ನೂ ಹೀಗೆ ಕಿತ್ತುಕೊಂಡರೆ ಅವರ ಕೈಲಾಗುವುದೂ ಕಮ್ಮಿಯಾಗುತ್ತಾ ಹೋಗುತ್ತದೆ. ಅಡುಗೆಮನೆಯಿಂದ ಹೊರಗೆ ಕೂರಿಸಿದ ದಿನ ಅಮ್ಮ "ಇನ್ನು ನಾನ್ಯಾಕೆ" ಅಂದಿದ್ದಳು.

ಈಗ ನಾವು ಹೀಗೆ ಕೇಳುತ್ತೇವೆ: "ಇವತ್ತು ಯಾವುದು ನೀನು ಮಾಡ್ತೀಯ, ಯಾವುದು ನಾನು ಮಾಡ್ಲಿ?" ಮುದ್ದೆ ತೊಳಸುವುದು, ಕುಕ್ಕರ್ ಎತ್ತುವುದು ನನ್ನದು. ಒಗ್ಗರಣೆ ಅವಳದು. "ನೋವು ಹೇಗಿದೆ?" ಅಂತ ದಿನಕ್ಕೆ ಹತ್ತು ಸಲ ಕೇಳುವುದನ್ನೂ ಬಿಟ್ಟೆ. ಸಂಜೆ ಒಂದು ಸಲ ಕೇಳುತ್ತೇನೆ, ಪೂರ್ತಿ ಕೂತು ಕೇಳುತ್ತೇನೆ. ಬೇರೆಯವರ ಆಪರೇಶನ್ ಕಥೆ ತರುವವರಿಗೆ "ಅತ್ತೆ, ಆ ವಿಷಯ ಬೇಡ, ಕಾಫಿ ಕುಡೀರಿ" ಅಂತ ನೇರವಾಗಿ ಹೇಳುತ್ತೇನೆ.

ಹೆಜ್ಜೆ 8: ನೋವು ಏರುವ ದಿನಕ್ಕೆ ಒಂದು ಚೀಟಿ

ಎಲ್ಲಾ ಸರಿಯಾಗಿ ಮಾಡಿದರೂ ನೋವು ಏರುವ ದಿನ ಬರುತ್ತದೆ. ಆ ದಿನ ಯೋಚಿಸಲು ಆಗುವುದಿಲ್ಲ. ಆದ್ದರಿಂದ ಆರಾಮಿರುವ ದಿನವೇ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ನಮ್ಮ ಮನೆಯದು ಹೀಗಿದೆ:

- ಇದು ಹಿಂದೆಯೂ ಬಂದಿತ್ತು, ಹೋಗಿತ್ತು.
- ಡಾಕ್ಟರ್ ಹೇಳಿದ ಮಾತ್ರೆ, ಹೇಳಿದಷ್ಟೇ. ಅಂಗಡಿಯಿಂದ ಹೆಚ್ಚುವರಿ ನೋವಿನ ಮಾತ್ರೆ ತರುವುದು ಬೇಡ, ಕಿಡ್ನಿಗೆ ಪೆಟ್ಟು.
- ಬಿಸಿನೀರಿನ ಚೀಲ, ಟವೆಲ್ ಸುತ್ತಿ, ಹದಿನೈದು ನಿಮಿಷ.
- ಪೂರ್ತಿ ಮಲಗುವುದು ಬೇಡ. ಗಂಟೆಗೊಮ್ಮೆ ಎದ್ದು ಮನೆಯೊಳಗೆ ಒಂದು ಸುತ್ತು.
- ಶವಾಸನ, ಹತ್ತು ನಿಮಿಷ.
- ಚಿಕ್ಕವಳಿಗೆ ಫೋನ್. ನೋವಿನ ಮಾತು ಎರಡು ನಿಮಿಷ, ಉಳಿದದ್ದು ಬೇರೆ ಮಾತು.
- ಮೂರು ದಿನಕ್ಕೂ ಇಳಿಯದಿದ್ದರೆ ಡಾಕ್ಟರಿಗೆ ಫೋನ್. ಕೀಲು ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ.

ಕೊನೆಯ ಸಾಲಿನ ಕೆಳಗೆ ಡಾಕ್ಟರ ನಂಬರನ್ನು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆಯಿರಿ, ಕನ್ನಡಕ ಇಲ್ಲದೆಯೂ ಕಾಣುವಷ್ಟು. ಅಮ್ಮ ಆರನೆಯ ಸಾಲಿಗೆ ತಾನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡಿದ್ದಾಳೆ.